ಬಾಲ್ಯದ ಗಾಯ: ನೆನಪಿದ್ದರೂ ಗುರುತಾಗದ ನೋವು

ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರು ಅದನ್ನು ಸಂಪೂರ್ಣವಾಗಿ ಮರೆತು, ಹಲವು ವರ್ಷಗಳ ನಂತರ ಒಮ್ಮೆಲೇ ನೆನಪಿಸಿಕೊಳ್ಳುತ್ತಾರೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕಾದಂಬರಿಗಳೂ ಚಲನಚಿತ್ರಗಳೂ ಈ ಭಾವನೆಗೆ ಪುಷ್ಟಿ ನೀಡಿವೆ. ವಾಸ್ತವವು ಇದಕ್ಕಿಂತ ಸರಳ, ಆದರೆ ಹೆಚ್ಚು ದಾರುಣ. ಬಹಳಷ್ಟು ಮಂದಿಗೆ ನಡೆದದ್ದು ನೆನಪಿನಲ್ಲಿಯೇ ಇರುತ್ತದೆ. ಯಾವ ಮನೆ, ಯಾವ ಕೋಣೆ, ಯಾರು ಎಂಬುದು ತಿಳಿದೇ ಇರುತ್ತದೆ. ತಿಳಿಯದೆ ಉಳಿಯುವುದು ಬೇರೊಂದು: ಅಂದು ನಡೆದದ್ದಕ್ಕೂ ಇಂದು ತಾವು ಬಾಳುತ್ತಿರುವ ರೀತಿಗೂ ಇರುವ ಸಂಬಂಧ. ನೆನಪಿರುವುದು ಬೇರೆ, ಗುರುತಿಸುವುದು ಬೇರೆ. ಇವೆರಡರ ನಡುವೆ ಇಪ್ಪತ್ತು, ಮೂವತ್ತು ವರ್ಷಗಳ ಅಂತರವಿರುವುದು ಅಪರೂಪವೇನಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಅನೇಕವು ಒಂದೆರಡು ತಲೆಮಾರುಗಳ ಹಿಂದೆ ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಂದು ಇಲ್ಲಿ ಮನೆ ಕಟ್ಟಿದಂಥವು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಲವತ್ತು ವರ್ಷದ ಗೃಹಿಣಿಯೊಬ್ಬಳು ಪ್ರತಿ ವರ್ಷ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಊರಿಗೆ ಹೊರಡುವ ವಾರದಲ್ಲಿ ತಪ್ಪದೆ ಕಾಯಿಲೆ ಬೀಳುತ್ತಾಳೆ. ತಲೆನೋವು, ಹೊಟ್ಟೆಯ ಸಂಕಟ, ನಿದ್ರೆಯಿಲ್ಲದ ರಾತ್ರಿಗಳು. ವೈದ್ಯರ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹೊಸ ಅಕ್ಕಿಯ ಊಟಕ್ಕೆ ಎಲ್ಲರೂ ಕುಳಿತಾಗ ಎದುರಿನ ಎಲೆಯ ಮುಂದೆ ಕುಳಿತಿರುವ ಹಿರಿಯ ಬಂಧುವು ತನ್ನ ಎಂಟನೆಯ ವಯಸ್ಸಿನಲ್ಲಿ ತನ್ನೊಂದಿಗೆ ಹೇಗೆ ವರ್ತಿಸಿದನೆಂಬುದು ಅವಳಿಗೆ ನೆನಪಿದೆ. ಆದರೂ ತನ್ನ ಕಾಯಿಲೆಗೂ ಆ ನೆನಪಿಗೂ ಸಂಬಂಧವಿದೆಯೆಂದು ಅವಳಿಗೆ ಹೊಳೆಯುವುದೇ ಇಲ್ಲ. "ನನಗೆ ಪ್ರಯಾಣ ಒಗ್ಗುವುದಿಲ್ಲ" ಎಂದಷ್ಟೇ ಅವಳು ನಂಬಿದ್ದಾಳೆ.

ಮಗುವಿಗೆ ಮಾತಿಲ್ಲ

ಗುರುತಿಸುವಿಕೆ ಏಕೆ ಇಷ್ಟು ತಡವಾಗುತ್ತದೆ? ಮೊದಲ ಕಾರಣ, ಮಗುವಿನ ಬಳಿ ಅದಕ್ಕೆ ಹೆಸರೇ ಇಲ್ಲದಿರುವುದು. ಹೆಸರಿಲ್ಲದ ಅನುಭವವನ್ನು ಮಗು ತನ್ನ ಅರಿವಿನ ಮಟ್ಟದಲ್ಲಿಯೇ ಅರ್ಥೈಸಿಕೊಳ್ಳುತ್ತದೆ: ಇದು ಆಟವಿರಬೇಕು, ಇದು ಶಿಕ್ಷೆಯಿರಬೇಕು, ನಾನೇ ಕೆಟ್ಟವಳಿರಬೇಕು. ಎರಡನೆಯ ಕಾರಣ ಇನ್ನೂ ಆಳವಾದದ್ದು. ಯಾರ ಕೈಯಿಂದ ಅನ್ನ ತಿನ್ನಬೇಕೋ ಅವರಿಂದಲೇ ಹಿಂಸೆ ಬಂದಾಗ, ಅದನ್ನು ದ್ರೋಹವೆಂದು ಅರಿಯುವುದು ಮಗುವಿಗೆ ಅಪಾಯಕಾರಿ. ಅರಿತರೆ ಆಶ್ರಯವೇ ತಪ್ಪುತ್ತದೆ. ಅರಿಯದಿರುವುದೇ ಉಳಿಯುವ ದಾರಿಯಾಗುತ್ತದೆ ಎಂಬ ವಿಚಾರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರಾಯ್ಡ್ 1990ರ ದಶಕದಲ್ಲಿ ವಿಶದವಾಗಿ ಮಂಡಿಸಿದರು.

ದೌರ್ಜನ್ಯವೆಂದರೆ ಲೈಂಗಿಕ ದೌರ್ಜನ್ಯ ಮಾತ್ರವಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಕರ್ನಾಟಕವು ಆ 13ರಲ್ಲಿ ಇರಲಿಲ್ಲವಾದರೂ ಅದರ ಫಲಿತಾಂಶಗಳು ನಮಗೆ ಅನ್ವಯಿಸುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಪ್ರತಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಯನ್ನೂ, ಇಬ್ಬರಲ್ಲಿ ಒಬ್ಬರು ಮಾನಸಿಕ ಹಿಂಸೆಯನ್ನೂ ಅನುಭವಿಸಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇಕಡಾ 88.6 ಮಕ್ಕಳಿಗೆ ಹೊಡೆದವರು ತಂದೆತಾಯಿಗಳೇ. ಒಂದಲ್ಲ ಒಂದು ರೂಪದ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಶೇಕಡಾ 53ರಷ್ಟು ಮಕ್ಕಳು ತಿಳಿಸಿದರು. ಅವರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ಹೆಚ್ಚು. ಆಪಾದಿತರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರು. ಹೆಚ್ಚಿನ ಮಕ್ಕಳು ಇದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ನಗರಕ್ಕೂ ಈ ಸಂಗತಿ ಹೊಸದಲ್ಲ. 1990ರ ದಶಕದ ಮಧ್ಯಭಾಗದಲ್ಲಿಯೇ ಬೆಂಗಳೂರಿನ 'ಸಂವಾದ' ಸಂಸ್ಥೆಯು ಶಾಲಾ ಕಾಲೇಜುಗಳ 348 ವಿದ್ಯಾರ್ಥಿನಿಯರೊಡನೆ ಕಾರ್ಯಾಗಾರಗಳನ್ನು ನಡೆಸಿ, ಈ ಹಿಂಸೆ ನಮ್ಮ ಮನೆಗಳ ಒಳಗೇ ಇದೆಯೆಂದು ದಾಖಲಿಸಿತ್ತು. ಅಂದಿನ ಆ ವಿದ್ಯಾರ್ಥಿನಿಯರು ಇಂದು ಮಧ್ಯವಯಸ್ಸಿನ ತಾಯಂದಿರು. ಅಂದು ಯಾರೂ ಕೇಳದಿದ್ದ ಅವರ ಸಹಪಾಠಿಗಳೂ ಅಷ್ಟೇ.

ದೇಹದ ಸಾಕ್ಷ್ಯ

ಮನಸ್ಸು ಹೆಸರಿಸದಿರುವುದನ್ನು ದೇಹ ಹೊತ್ತುಕೊಂಡಿರುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ದೊರೆತದ್ದು ಅನಿರೀಕ್ಷಿತ ಮಾರ್ಗದಿಂದ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ವೈದ್ಯ ವಿನ್ಸೆಂಟ್ ಫೆಲಿಟ್ಟಿ 1980ರ ದಶಕದಲ್ಲಿ ಬೊಜ್ಜು ಕರಗಿಸುವ ಚಿಕಿತ್ಸಾಲಯವನ್ನು ನಡೆಸುತ್ತಿದ್ದರು. ಯಶಸ್ವಿಯಾಗಿ ತೂಕ ಇಳಿಸಿಕೊಂಡವರೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಗಿತ್ತು. ವಿಚಾರಿಸಿದಾಗ ಅನೇಕರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ನಡೆದಿದ್ದುದು ಬೆಳಕಿಗೆ ಬಂತು. ಇತರರ ಕಣ್ಣಿಗೆ ಬೀಳದಂತೆ ಮರೆಮಾಡಿಕೊಳ್ಳಲು ಬೊಜ್ಜು ಅವರಿಗೆ ಕವಚವಾಗಿತ್ತು. ವೈದ್ಯರು ರೋಗವೆಂದು ಕರೆದದ್ದು ರೋಗಿಗೆ ರಕ್ಷಣೆಯಾಗಿತ್ತು.

ಫೆಲಿಟ್ಟಿ ಹಾಗೂ ರಾಬರ್ಟ್ ಆಂಡಾ ಜೊತೆಗೂಡಿ ನಡೆಸಿದ ಅಧ್ಯಯನದ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಒಟ್ಟು 17,000ಕ್ಕೂ ಹೆಚ್ಚು ವಯಸ್ಕರು ಅದರಲ್ಲಿ ಪಾಲ್ಗೊಂಡಿದ್ದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವಗಳಿಗೆ ಒಳಗಾದವರಲ್ಲಿ ಮದ್ಯಪಾನದ ಚಟ, ಮಾದಕ ವ್ಯಸನ, ಖಿನ್ನತೆ ಹಾಗೂ ಆತ್ಮಹತ್ಯೆಯ ಯತ್ನಗಳ ಸಂಭವವು, ಅಂತಹ ಅನುಭವವೇ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವಾಗಿತ್ತು. ಹೃದ್ರೋಗದಂತಹ ವ್ಯಾಧಿಗಳಿಗೂ ಬಾಲ್ಯದ ನೋವಿಗೂ ನಂಟಿರುವುದು ಕಂಡುಬಂತು. ಸತತ ಭಯದಲ್ಲಿ ಬೆಳೆದ ಮಗುವಿನ ಮೆದುಳು ಸದಾ ಅಪಾಯವನ್ನು ನಿರೀಕ್ಷಿಸುವ ಕಾವಲುಗಾರನಂತಾಗುತ್ತದೆ. ಅಪಾಯ ಕಳೆದು ವರ್ಷಗಳಾದರೂ ಆ ಕಾವಲುಗಾರನಿಗೆ ವಿಶ್ರಾಂತಿಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ದೀರ್ಘಕಾಲದ ಹಿಂಸೆಯಿಂದ ಉಂಟಾಗುವ ಸಂಕೀರ್ಣ ಆಘಾತವನ್ನು ಅದು ಪ್ರತ್ಯೇಕ ವ್ಯಾಧಿಯೆಂದು ಮಾನ್ಯ ಮಾಡಿದೆ. ದುಃಸ್ವಪ್ನ, ಬೆಚ್ಚಿಬೀಳುವಿಕೆಗಳ ಜೊತೆಗೆ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ: ಭಾವನೆಗಳ ಮೇಲೆ ಹಿಡಿತ ತಪ್ಪುವುದು, ತಾನು ನಿಷ್ಪ್ರಯೋಜಕನೆಂಬ ಬೇರೂರಿದ ನಂಬಿಕೆ, ಆಪ್ತ ಸಂಬಂಧಗಳಲ್ಲಿ ನೆಲೆನಿಲ್ಲಲಾಗದಿರುವುದು. ಇವುಗಳನ್ನು ನಾವು ಈವರೆಗೆ ಯಾವ ಹೆಸರಿನಿಂದ ಕರೆಯುತ್ತ ಬಂದಿದ್ದೇವೆ? ಮುಂಗೋಪಿ, ಅಳುಬುರುಕಿ, ಯಾರೊಂದಿಗೂ ಬೆರೆಯದವನು. ಸ್ವಭಾವವೆಂದು ನಾವು ತಳ್ಳಿಹಾಕಿದ್ದು ಕೆಲವರ ಪಾಲಿಗೆ ಗಾಯವಾಗಿರಬಹುದು.

ಅರಿವು ಮೂಡುವ ಗಳಿಗೆ

ಈ ಅರಿವು ಸಾಮಾನ್ಯವಾಗಿ ಯಾವುದೋ ನಿತ್ಯದ ಸಂದರ್ಭದಲ್ಲಿ ಮೂಡುತ್ತದೆ. ಮೇಲೆ ಹೇಳಿದ ಗೃಹಿಣಿಯ ಮಗಳಿಗೆ ಎಂಟು ವರ್ಷ ತುಂಬುತ್ತದೆ ಎನ್ನೋಣ. ಶಾಲೆಯಿಂದ ಬಂದ ಮಗಳು ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶಗಳ ಪಾಠವನ್ನು ಒಪ್ಪಿಸುತ್ತಾಳೆ. ತಾಯಿ ಆ ಪುಟ್ಟ ಮೈಯನ್ನು, ಆ ಸಣ್ಣ ಕೈಗಳನ್ನು ನೋಡುತ್ತಾಳೆ. ತಾನೂ ಅಂದು ಇಷ್ಟೇ ಚಿಕ್ಕವಳಿದ್ದೆನೆಂಬುದು ಮೊದಲ ಬಾರಿಗೆ ಅವಳಿಗೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ಅವಳು ಅಂದಿನ ತನ್ನನ್ನು ದೊಡ್ಡವಳ ತೂಕದಲ್ಲಿಯೇ ತೂಗಿ, ಏಕೆ ತಡೆಯಲಿಲ್ಲ, ಏಕೆ ಕೂಗಲಿಲ್ಲ ಎಂದು ಹಳಿದುಕೊಂಡಿದ್ದಳು.

ಇನ್ನು ಕೆಲವರಿಗೆ ವಿವಾಹಾನಂತರದ ಸಾಮೀಪ್ಯವೇ ಈ ಅರಿವಿನ ಬಾಗಿಲಾಗುತ್ತದೆ. ದೌರ್ಜನ್ಯ ಎಸಗಿದವನ ಮರಣವಾರ್ತೆ ಕೇಳಿ ದುಃಖದ ಬದಲು ನಿರಾಳ ಉಂಟಾದಾಗ ಕೆಲವರು ಬೆಚ್ಚುತ್ತಾರೆ. ಪುರುಷರಲ್ಲಿ ಇದು ಇನ್ನೂ ತಡ. ತನ್ನ ಮಗನ ಮೇಲೆ ಕೈಯೆತ್ತಿದ ತಂದೆಗೆ, ತನ್ನ ಕೈಯಲ್ಲಿ ತನ್ನ ಅಪ್ಪನ ಬೆಲ್ಟು ಕಾಣಿಸಬಹುದು. ಪೆಟ್ಟು ತಿಂದೇ ನಾನು ಮನುಷ್ಯನಾದೆ ಎಂಬ ಮಾತನ್ನು ಅಲ್ಲಿಯವರೆಗೆ ಅವನು ಹೆಮ್ಮೆಯಿಂದ ಆಡುತ್ತಿದ್ದಿರಬಹುದು.

ಸಮಾಜ ಮಾತನಾಡಿದಾಗಲೂ ವ್ಯಕ್ತಿಗಳಿಗೆ ಮಾತು ದೊರೆಯುತ್ತದೆ. 2012ರ ಮೇ ತಿಂಗಳಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ಕಾರ್ಯಕ್ರಮವು ಈ ವಿಷಯವನ್ನೆತ್ತಿಕೊಂಡು, ನೊಂದವರ ಕಥನವನ್ನು ಅವರ ಬಾಯಿಂದಲೇ ದೇಶಕ್ಕೆ ಕೇಳಿಸಿತು. ಡಬ್ಬಿಂಗ್ ವಿರೋಧದ ಕಾರಣ ಆ ಸರಣಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. 2014ರ ಜುಲೈಯಲ್ಲಿ ಬೆಂಗಳೂರಿನ ಶಾಲೆಯೊಂದರ ಪುಟ್ಟ ಬಾಲಕಿಯ ಪ್ರಕರಣಕ್ಕಾಗಿ ಪೋಷಕರು ಬೀದಿಗಿಳಿದಾಗ, ಅದುವರೆಗೆ ಪಿಸುಮಾತಿನಲ್ಲಿದ್ದ ವಿಷಯ ನಮ್ಮ ಊಟದ ಮೇಜಿಗೂ ಬಂತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ತಲೆನೋವು, ನಿದ್ರಾಹೀನತೆ, ಸಿಟ್ಟು ಇವು ಬೇರೆ ಹಲವು ಕಾರಣಗಳಿಂದಲೂ ಬರುತ್ತವೆ. ಲಕ್ಷಣಗಳಿವೆಯೆಂಬ ಒಂದೇ ಕಾರಣಕ್ಕೆ ಬಾಲ್ಯದಲ್ಲಿ ಏನೋ ನಡೆದಿರಲೇಬೇಕೆಂದು ತೀರ್ಮಾನಿಸುವುದು, ಇಲ್ಲದ ನೆನಪನ್ನು ಬಲವಂತವಾಗಿ ಕೆದಕುವುದು ಎರಡೂ ಸಲ್ಲದು. ಒಳ್ಳೆಯ ಆಪ್ತಸಲಹೆಗಾರರು ನೆನಪುಗಳನ್ನು ಸೂಚಿಸುವುದಿಲ್ಲ, ಕೇಳಿಸಿಕೊಳ್ಳುತ್ತಾರೆ.

ಕ್ಷಮೆ ಮತ್ತು ಅವಸರ

ನೊಂದ ವ್ಯಕ್ತಿ ಮೊದಲ ಬಾರಿಗೆ ಬಾಯಿತೆರೆದಾಗ ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಉತ್ತರಗಳು ಬಹುತೇಕ ಸಿದ್ಧವಾಗಿಯೇ ಇರುತ್ತವೆ. ಅದೆಲ್ಲ ಹಳೆಯ ಕಥೆ, ಮರೆತುಬಿಡು. ಸತ್ತವರ ಬಗ್ಗೆ ಆಡಬಾರದು. ತಂದೆತಾಯಿಗಳನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಕಟ್ಟಳೆಯಲ್ಲವೆ? ಕ್ರೈಸ್ತರಾದ ನಾವು ಕ್ಷಮಿಸಬೇಡವೆ? ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ನೋವಿನದು. ಏಕೆಂದರೆ ನಂಬಿಕೆಯುಳ್ಳ ನೊಂದವರು ಆ ಪ್ರಶ್ನೆಯನ್ನು ತಮಗೆ ತಾವೇ ಮೊದಲೇ ಕೇಳಿಕೊಂಡಿರುತ್ತಾರೆ. ತನಗಾದ ದೌರ್ಜನ್ಯವನ್ನು ತನ್ನದೇ ಪಾಪವೆಂದೆಣಿಸಿ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವ ಮಗು, ದೊಡ್ಡವಳಾದ ಮೇಲೆ ಕ್ಷಮಿಸಲಾರದ್ದನ್ನು ಇನ್ನೊಂದು ಪಾಪವೆಂದು ಸೇರಿಸಿಕೊಳ್ಳುತ್ತಾಳೆ.

ಏನು ನಡೆಯಿತು, ಅದರಿಂದ ಏನು ಕಳೆದುಹೋಯಿತು ಎಂಬುದು ತಿಳಿಯದೆ ಕ್ಷಮಿಸುವುದು ಸಾಧ್ಯವೆ? ಸಾಲದ ಮೊತ್ತವನ್ನೇ ಲೆಕ್ಕ ಹಾಕದೆ ಮನ್ನಾ ಪತ್ರಕ್ಕೆ ಸಹಿ ಹಾಕಿಸಿಕೊಂಡಂತೆ ಅದು. ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯ ಮೂರು ಘಟ್ಟಗಳನ್ನು ಗುರುತಿಸಿದರು. ಮೊದಲು ಸುರಕ್ಷತೆ, ಬಳಿಕ ನಡೆದದ್ದನ್ನು ನೆನೆದು ಕಳೆದುಕೊಂಡದ್ದಕ್ಕಾಗಿ ಶೋಕಿಸುವುದು, ಕೊನೆಗೆ ಬದುಕಿನೊಂದಿಗೂ ಜನರೊಂದಿಗೂ ಮರಳಿ ಬೆಸೆದುಕೊಳ್ಳುವುದು. ನಾವು ಮೊದಲೆರಡನ್ನು ದಾಟಿಸಿ ಮೂರನೆಯದಕ್ಕೆ ನೂಕುತ್ತೇವೆ. ಚಿಕ್ಕವರನ್ನು ಎಡವಿಸುವವರ ಕುರಿತು ಪ್ರಭು ಯೇಸು ಆಡಿದ ಮಾತು ಎಷ್ಟು ಕಠೋರವಾದದ್ದೆಂಬುದನ್ನು ಶುಭಸಂದೇಶ ಓದುವ ನಾವೆಲ್ಲ ಬಲ್ಲೆವು. ಆ ಕಠೋರತೆ ಎಡವಿಸಿದವನಿಗೆ ಸಲ್ಲತಕ್ಕದ್ದು, ಎಡವಿದ ಮಗುವಿಗಲ್ಲ.

ಧರ್ಮಸಭೆಯೂ ಈ ಪಾಠವನ್ನು ತಡವಾಗಿ, ನೋವಿನಿಂದ ಕಲಿತಿದೆ. 2018ರ ಆಗಸ್ಟ್ 20ರಂದು ಪೋಪ್ ಫ್ರಾನ್ಸಿಸ್ ದೇವಜನರೆಲ್ಲರಿಗೂ ಬರೆದ ಪತ್ರದಲ್ಲಿ, ಇಂತಹ ಗಾಯಗಳು ಮಾಯವಾಗುವುದಿಲ್ಲವೆಂದೂ ಧರ್ಮಸಭೆ ಆ ಚಿಕ್ಕವರನ್ನು ಕೈಬಿಟ್ಟಿತೆಂದೂ ಒಪ್ಪಿಕೊಂಡರು. 2019ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಾವಳಿಯು, ದೌರ್ಜನ್ಯದ ಸಂಗತಿ ತಿಳಿದ ಗುರುಗಳೂ ಧರ್ಮಭಗಿನಿಯರೂ ಅದನ್ನು ಮೇಲಧಿಕಾರಿಗಳಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ನೆರವು ಹತ್ತಿರದಲ್ಲಿಯೇ ಇದೆ

ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ನೆರವು ದೂರವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಶೇಖರ್ ಶೇಷಾದ್ರಿಯವರಂತಹ ಮಕ್ಕಳ ಮನೋವೈದ್ಯರು ದಶಕಗಳ ಕಾಲ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಳುಕುವವರಿಗಾಗಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವು ಬಿ.ಟಿ.ಎಂ. ಲೇಔಟ್‌ನಲ್ಲಿದೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿಯೂ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾನೂನಿನ ಮಾತೂ ತಿಳಿದಿರಲಿ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯಡಿ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಬಾಲ್ಯದಲ್ಲಿ ನಡೆದದ್ದರ ವಿರುದ್ಧ ವಯಸ್ಕರಾದ ಮೇಲೆ ದೂರು ನೀಡಲು ಈ ಕಾಯ್ದೆಯಲ್ಲಿ ಕಾಲಮಿತಿಯಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. 2012ಕ್ಕೆ ಹಿಂದಿನ ಘಟನೆಗಳಿಗೆ ಈ ಕಾಯ್ದೆ ಅನ್ವಯಿಸದು. ಅವುಗಳನ್ನು ಅಂದಿನ ದಂಡಸಂಹಿತೆಯಡಿ ಪರಿಶೀಲಿಸಬೇಕಾಗುತ್ತದೆ. ಇದಕ್ಕೆ ವಕೀಲರ ಸಲಹೆ ಅಗತ್ಯ. ಹಳೆಯ ಅಪರಾಧಿಯ ಸಮೀಪ ಇಂದೂ ಮಕ್ಕಳಿದ್ದರೆ ಆ ಮಕ್ಕಳ ರಕ್ಷಣೆಯೇ ಮೊದಲ ಕರ್ತವ್ಯ.

ವೈದ್ಯರಿಗೂ ವಕೀಲರಿಗೂ ಮುನ್ನ ನೊಂದವರು ಬರುವುದು ಪತಿಯ ಬಳಿಗೆ, ಪತ್ನಿಯ ಬಳಿಗೆ, ಅಕ್ಕನ ಬಳಿಗೆ, ಕೆಲವೊಮ್ಮೆ ವೃದ್ಧೆಯಾದ ತಾಯಿಯ ಬಳಿಗೆ. ಆ ಕ್ಷಣದಲ್ಲಿ ಬುದ್ಧಿವಾದ ಬೇಡ, ಸಾಕ್ಷ್ಯ ಕೇಳುವುದು ಬೇಡ. ನಾನು ನಂಬುತ್ತೇನೆ, ತಪ್ಪು ನಿನ್ನದಲ್ಲ ಎಂಬ ಎರಡು ಮಾತು ಸಾಕು. ಈ ವರ್ಷ ಹಬ್ಬಕ್ಕೆ ಊರಿಗೆ ಬರಲಾರೆನೆಂದು ಮನೆಮಗಳು ಹೇಳಿದರೆ ಕಾರಣ ಕೇಳುವ ಮೊದಲು, ಅವಳ ಪಾಲಿನ ಹೊಸ ಅಕ್ಕಿಯನ್ನು ಕಟ್ಟಿ ಬೆಂಗಳೂರಿಗೆ ಕಳುಹಿಸಿಕೊಡೋಣ. ಹೇಳುವ ಕಾಲ ಬಂದಾಗ ಅವಳೇ ಹೇಳುತ್ತಾಳೆ. ಅಂದು ಕೇಳಿಸಿಕೊಳ್ಳುವವರು ಮನೆಯಲ್ಲಿರಲಿ.