ಹಳೆಯ ಪಿಕಪ್ಪಿಗೆ ಈಚಿನ ಹಿಂದಿನ ಆಕ್ಸಲ್

ಬಬ್ಬೂರು, ಹಿರಿಯೂರು ಸುತ್ತಿನ ತೋಟಗಳಲ್ಲಿ ಹಳೆಯ ಜೀಪು ಪಿಕಪ್ಪನ್ನು ಇನ್ನೂ ಮಾರದೆ ಇಟ್ಟುಕೊಂಡಿರುವವರು ಉಂಟು. ಗೊಬ್ಬರ ತರಲು, ತೆಂಗಿನಕಾಯಿ ಸಾಗಿಸಲು, ಅಡಿಕೆ ಚೀಲ ಹೇರಿಕೊಂಡು ಭೀಮಸಮುದ್ರಕ್ಕೆ ಹೋಗಲು ಅದು ಸಾಕು. ಮಹೀಂದ್ರದವರು 1965ರಲ್ಲಿ ತಂದ ಎಫ್.ಸಿ. 150 ಟ್ರಕ್ಕೂ ಇದೇ ವಿಲ್ಲಿಸ್ ವಂಶದ್ದು. ಇವುಗಳ ಎಂಜಿನ್ ಗಟ್ಟಿ. ತೊಂದರೆ ಕೊಡುವುದು ಹಿಂದಿನ ಆಕ್ಸಲ್.

ಹಳೆಯ ಆಕ್ಸಲ್ ಶಾಫ್ಟಿನ ತುದಿ ಮೊನಚಾಗಿ ಇಳಿದಿರುತ್ತದೆ. ಅದರ ಮೇಲೆ ಹಬ್ಬು ಕೂರುತ್ತದೆ; ನಡುವೆ ಒಂದು ಸಣ್ಣ ಕೀ, ಹೊರಗೆ ಒಂದು ನಟ್ಟು. ನಟ್ಟು ಸಡಿಲವಾದರೆ ಹಬ್ಬು ಅಲುಗುತ್ತದೆ, ಕೀ ಕತ್ತರಿಸುತ್ತದೆ. ನನ್ನ ಗಾಡಿಗೆ ಹೀಗಾದದ್ದು ಭರ್ತಿ ಹೇರಿನಲ್ಲಿ, ಏರಿನ ನಡುವೆ. ಎಂಜಿನ್ ಓಡುತ್ತಿದೆ, ಗಾಡಿ ಹಿಂದಕ್ಕೆ ಜಾರುತ್ತಿದೆ. ಕೈ ಬ್ರೇಕು ಎಳೆದೆ, ಹಿಡಿಯಲಿಲ್ಲ. ಈ ಗಾಡಿಗಳಲ್ಲಿ ಕೈ ಬ್ರೇಕಿನ ಡ್ರಮ್ಮು ಇರುವುದು ಟ್ರಾನ್ಸ್‌ಫರ್ ಗೇರ್ ಪೆಟ್ಟಿಗೆಯ ಹಿಂಬದಿಯಲ್ಲಿ. ಅದು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆಯೇ ಹೊರತು ಚಕ್ರವನ್ನಲ್ಲ. ಕೀ ತುಂಡಾದ ಮೇಲೆ ಕಾಲಿನ ಬ್ರೇಕೊಂದೇ ಗತಿ. ಇಬ್ಬರು ಆಳುಗಳು ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ನಾನು ಕೆಳಗಿಳಿದದ್ದು.

ಈಚಿನ ಆಕ್ಸಲ್‌ಗಳಲ್ಲಿ ಹಬ್ಬಿನ ಫ್ಲಾಂಜೂ ಶಾಫ್ಟೂ ಒಂದೇ ತುಂಡು. ಕತ್ತರಿಸಲು ಕೀ ಇಲ್ಲ. ಆದರೆ ಗುಜರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಹಾಕುವಂತಿಲ್ಲ. ಮೊದಲು ನೋಡಬೇಕಾದದ್ದು ಗೇರಿನ ಪ್ರಮಾಣ. ಹಳೆಯ ಜೀಪುಗಳಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ಅಂದರೆ 5.38. ಈಚಿನವುಗಳಲ್ಲಿ 4.88 ಉಂಟು, 4.27 ಉಂಟು. ಪ್ರಮಾಣ ತಿಳಿಯುವ ಉಪಾಯ ಸುಲಭ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು, ಕೈ ಬ್ರೇಕು ಬಿಟ್ಟು, ನೆಲದ ಮೇಲಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ. ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತೋ ಅದೇ ಪ್ರಮಾಣ.

5.38 ತೆಗೆದು 4.27 ಹಾಕಿದರೆ ಹೆದ್ದಾರಿಯಲ್ಲಿ ಅದೇ ಎಂಜಿನ್ ಓಟಕ್ಕೆ ವೇಗ ಕಾಲು ಭಾಗಕ್ಕೂ ತುಸು ಹೆಚ್ಚುತ್ತದೆ. ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಓಡುವವರಿಗೆ ಇದು ಹಿತ. ಆದರೆ ಚಕ್ರದ ಎಳೆತ ಐದರಲ್ಲೊಂದು ಪಾಲು ಇಳಿಯುತ್ತದೆ. ಕಾಫಿ ಸೀಮೆಯ ಏರುಗಳಲ್ಲಿ ಹೇರು ಎಳೆಯುವ ಸದಸ್ಯರು ಈ ವ್ಯಾಪಾರಕ್ಕೆ ಹೋಗದಿರುವುದೇ ಲೇಸು. ವೇಗ ತೋರಿಸುವ ಮುಳ್ಳೂ ಸುಳ್ಳು ಹೇಳುತ್ತದೆ: ಅದು 40 ತೋರಿಸುವಾಗ ಗಾಡಿ 50ರಲ್ಲಿರುತ್ತದೆ. ಮುಂದಿನ ಆಕ್ಸಲಿಗೂ ಎಂಜಿನ್ ಬಲ ಹೋಗುವ ಗಾಡಿಯಾದರೆ ಎರಡರ ಪ್ರಮಾಣವೂ ಒಂದೇ ಇರಲೇಬೇಕು. ಇಲ್ಲವಾದರೆ ನಾಲ್ಕು ಚಕ್ರದ ಗೇರು ಹಾಕಿದೊಡನೆ ಹಿಂದು ಮುಂದು ಜಗ್ಗಾಡಿ ಗೇರ್ ಪೆಟ್ಟಿಗೆಯೇ ಒಡೆದೀತು.

ಎರಡನೆಯದು ಗುಂಡಿನ ಸ್ಥಾನ. ಹಳೆಯ ಆಕ್ಸಲಿನ ಗುಂಡು ನಡುವಿನಲ್ಲಿಲ್ಲ, ಬಲಕ್ಕೆ ಸರಿದಿದೆ. ಗೇರ್ ಪೆಟ್ಟಿಗೆಯ ಹೊರದಾರಿಯೂ ಬಲಕ್ಕೇ. ಗುಂಡು ನಡುವಿನಲ್ಲಿರುವ ಆಕ್ಸಲ್ ಹಾಕಿದರೆ ಪ್ರೊಪೆಲ್ಲರ್ ಓರೆಯಾಗಿ ಓಡುತ್ತದೆ, ಕ್ರಾಸುಗಳು ಬೇಗ ಸವೆಯುತ್ತವೆ. ಚಕ್ರದಿಂದ ಚಕ್ರಕ್ಕೆ ಅಗಲವನ್ನೂ ಅಳೆಯಿರಿ. ಹಳೆಯ ಜೀಪಿನದು ಸುಮಾರು 48 ಅಂಗುಲ. ಈಚಿನದು ಅಗಲವಾಗಿದ್ದರೆ ಟೈರು ಮಡ್‌ಗಾರ್ಡಿನಿಂದ ಹೊರಗೆ ಬರುತ್ತದೆ.

ಸ್ಪ್ರಿಂಗು ಕೂರುವ ಪೀಠಗಳನ್ನು ಕೊಯ್ದು ಹೊಸ ಜಾಗದಲ್ಲಿ ಬೆಸುಗೆ ಹಾಕಬೇಕಾಗುತ್ತದೆ. ಇಲ್ಲಿ ಆತುರ ಸಲ್ಲದು. ಮೊದಲು ಚುಕ್ಕಿ ಬೆಸುಗೆ ಮಾತ್ರ. ಗಾಡಿಯನ್ನು ನೆಲಕ್ಕಿಳಿಸಿ, ಎಂದಿನ ಹೇರು ಹೇರಿ, ಪಿನಿಯನ್ ಶಾಫ್ಟೂ ಗೇರ್ ಪೆಟ್ಟಿಗೆಯ ಶಾಫ್ಟೂ ಸಮಾನಾಂತರವಾಗಿವೆಯೇ ನೋಡಿಕೊಳ್ಳಿ. ಓಡುವಾಗ ಗಾಡಿ ನಡುಗುವುದಕ್ಕೆ ಬಹುಪಾಲು ಈ ಕೋನವೇ ಕಾರಣ. ಅನಂತರ ಒಳಗಿನ ಶಾಫ್ಟು, ಆಯಿಲ್ ಸೀಲುಗಳನ್ನು ತೆಗೆದು, ಸ್ವಲ್ಪ ಸ್ವಲ್ಪವಾಗಿ, ಆರಲು ಬಿಟ್ಟು ಬಿಟ್ಟು ಬೆಸೆಯಬೇಕು. ಒಂದೇ ಸಮನೆ ಬೆಸೆದರೆ ಹೌಸಿಂಗು ಬಾಗುತ್ತದೆ.

ಬ್ರೇಕಿನ ವಿಷಯ. ಹಿಂದೆ ದೊಡ್ಡ ಡ್ರಮ್ಮು, ಮುಂದೆ ಹಳೆಯ 9 ಅಂಗುಲದ್ದೇ ಉಳಿದರೆ ಖಾಲಿ ಗಾಡಿಯ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಗಾಡಿ ಅಡ್ಡ ತಿರುಗೀತು. ಮುಂದಿನ ಬ್ರೇಕನ್ನೂ ಜೊತೆಯಲ್ಲೇ ಬಲಪಡಿಸಿ. ಹೊಸ ಆಕ್ಸಲಿನ ಡ್ರಮ್ಮಿನಲ್ಲೇ ಕೈ ಬ್ರೇಕಿನ ವ್ಯವಸ್ಥೆ ಇದ್ದರೆ ಕೇಬಲ್ ಎಳೆದು ಅದನ್ನೂ ಉಪಯೋಗಕ್ಕೆ ತಂದುಕೊಳ್ಳಿ. ನನ್ನ ಅನುಭವದ ಮೇಲೆ ಹೇಳುತ್ತಿದ್ದೇನೆ.

ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಆದ್ದರಿಂದ ಆಕ್ಸಲ್ ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿರಿ. ಅಲ್ಲಿಂದ ಒಪ್ಪಿಗೆ ಬರುವವರೆಗೆ, ಹಳೆಯ ಆಕ್ಸಲಿನ ಆ ಎರಡು ನಟ್ಟುಗಳನ್ನು ಹೇರು ಹೇರುವ ಮುನ್ನ ಬಿಗಿ ನೋಡುತ್ತಿರಿ. ಕಾಟರ್ ಪಿನ್ನು ಹಾಕಲು ಮರೆಯಬೇಡಿ.