ಕೊಲಂಬಿಯಾ: ತೆಗೆಯದೇ ಹೋದ ಫೋಟೊ

ಥರ್ಮಾಕೋಲಿನಷ್ಟು ಹಗುರವಾದ ತುಂಡೊಂದು ಗಗನನೌಕೆಯನ್ನೇ ಕೆಡವೀತೇ?

2003ರ ಜನವರಿ 16.
ಕೊಲಂಬಿಯಾ ಹಾರಿ 82 ಸೆಕೆಂಡ್ ಆಗಿತ್ತಷ್ಟೆ.
ಇಂಧನ ಟ್ಯಾಂಕಿನ ಫೋಮ್ ಕಿತ್ತುಬಂದು
ಎಡರೆಕ್ಕೆಗೆ ಬಡಿಯಿತು.
ತೂಕ? ಒಂದು ಕಿಲೋನೂ ಇಲ್ಲ.
ವೇಗ? ಗಂಟೆಗೆ ಸುಮಾರು 800 ಕಿ.ಮೀ.!

ಮರುದಿನ ವಿಡಿಯೊ ನೋಡಿದ ಎಂಜಿನಿಯರ್‌ಗಳಿಗೆ ದಿಗಿಲು.
ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಫೋಟೊ ತೆಗೆಸಿ ಅಂತ ಕೇಳಿದರು.
ನಾಸಾದ ಮೇಲಿನವರು ಒಪ್ಪಲಿಲ್ಲ.
ಫೋಮ್ ಬೀಳೋದು ಹೊಸತೇನಲ್ಲವಲ್ಲ!
ಪ್ರತಿಸಲ ಬಚಾವಾಗಿದ್ದನ್ನೇ
ಸುರಕ್ಷತೆ ಅಂದುಕೊಂಡಿದ್ದರು, ನೋಡಿ.

ಫೆಬ್ರವರಿ 1.
ಇಳಿಯುವ ಹೊತ್ತಿಗೆ ಕಾದ ಗಾಳಿ
ರೆಕ್ಕೆಯ ತೂತಿನೊಳಗೆ ನುಗ್ಗಿತು.
ಟೆಕ್ಸಾಸ್ ಆಕಾಶದಲ್ಲಿ ನೌಕೆ ಚೂರುಚೂರು.
ಕಲ್ಪನಾ ಚಾವ್ಲಾ ಸೇರಿ ಏಳೂ ಜನ ಉಳಿಯಲಿಲ್ಲ.

ಜುಲೈನಲ್ಲಿ ತನಿಖೆಯವರು
ಅಂಥದೇ ಫೋಮನ್ನು ಅಂಥದೇ ರೆಕ್ಕೆಯಂಚಿಗೆ
ಗಾಳಿ ಫಿರಂಗಿಯಿಂದ ಹೊಡೆದು ನೋಡಿದರು.
ಬಿದ್ದದ್ದು ಸುಮಾರು 40 ಸೆಂ.ಮೀ. ಅಗಲದ ತೂತು.