ಸವಾರನ ಪ್ರಾಣ ಕಾಯುವ ಹಿಮ್ಮಡಿ: ಕೌಬಾಯ್ ಬೂಟಿನ ಹಿನ್ನೆಲೆ

ಚಲನಚಿತ್ರಗಳಲ್ಲಿ ನಾಯಕನ ಗತ್ತಿನ ಕುರುಹಾಗಿ ಮೆರೆಯುವ ಎತ್ತರದ ಹಿಮ್ಮಡಿಯ ಕೌಬಾಯ್ ಬೂಟು ಕೇವಲ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಕುದುರೆಯ ಮೇಲಿನ ಅಪಾಯಗಳೇ ಅದರ ರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದವು.

ಇದರ ಪೂರ್ವಜರು ಯುರೋಪಿನ ಸೇನಾ ಬೂಟುಗಳು. ಜರ್ಮನಿಯ ಹೆಸ್ಸೆ ಪ್ರಾಂತ್ಯದ ಸೈನಿಕರ, ಮೇಲಂಚಿನಲ್ಲಿ ಕುಚ್ಚು ತೂಗುವ ‘ಹೆಸಿಯನ್’ ಬೂಟು 18ನೇ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಜನಪ್ರಿಯವಾಗಿತ್ತು. 19ನೇ ಶತಮಾನದ ಆರಂಭದಲ್ಲಿ ವೆಲ್ಲಿಂಗ್ಟನ್ ಡ್ಯೂಕ್ ಲಂಡನ್ನಿನ ಬೂಟು ತಯಾರಕ ಹೋಬಿಯಿಂದ ಅದನ್ನು ಸರಳಗೊಳಿಸಿ, ಕುಚ್ಚಿಲ್ಲದ ಬೂಟನ್ನು ಮಾಡಿಸಿಕೊಂಡರು. ಅದಕ್ಕೆ ಅವರ ಹೆಸರೇ ನಿಂತಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್ ಎಂಬುದು ಗಮನಾರ್ಹ.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಬಳಿಕ, ಟೆಕ್ಸಾಸ್‌ನ ದನದ ಮಂದೆಗಳನ್ನು ನೂರಾರು ಮೈಲಿ ದೂರದ ಕಾನ್ಸಾಸ್ ರೈಲು ನಿಲ್ದಾಣಗಳಿಗೆ ಅಟ್ಟಿಕೊಂಡು ಹೋಗುವ ಉದ್ಯೋಗ ಬೆಳೆಯಿತು. ದಿನವಿಡೀ ಜೀನಿನ ಮೇಲಿರುತ್ತಿದ್ದ ಈ ಸವಾರರಿಗಾಗಿ ಎರಡೂ ರಾಜ್ಯಗಳ ಕುಶಲಕರ್ಮಿಗಳು ಹೊಸ ಬೂಟನ್ನು ರೂಪಿಸಿದರು. ಎಚ್.ಜೆ. ಜಸ್ಟಿನ್ 1879ರಲ್ಲಿ ಟೆಕ್ಸಾಸ್‌ನ ಸ್ಪ್ಯಾನಿಷ್ ಫೋರ್ಟ್‌ನಲ್ಲಿ ಆರಂಭಿಸಿದ ವೃತ್ತಿ ಇಂದಿಗೂ ಅವರ ಹೆಸರಿನಲ್ಲೇ ಮುಂದುವರಿದಿದೆ.

ರೂಪದ ಹಿಂದಿನ ಕಾರಣ

ಸವಾರ ಬೀಳುವಾಗ ಪಾದವು ರಿಕಾಪಿನಲ್ಲಿ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯಲ್ಲಿ, ಸಿಲುಕಿದರೆ ಬೆದರಿದ ಕುದುರೆ ಅವನನ್ನು ಎಳೆದುಕೊಂಡೇ ಓಡುತ್ತದೆ. ಪಾದ ಮುಂದಕ್ಕೆ ಜಾರಿ ಬಳೆಯೊಳಗೆ ತೂರದಂತೆ ಎತ್ತರದ ಹಿಮ್ಮಡಿ ತಡೆಯುತ್ತದೆ. ನುಣುಪಾದ ಚರ್ಮದ ಅಟ್ಟೆಯಿಂದ ಪಾದ ಸುಲಭವಾಗಿ ಹೊರಬರುತ್ತದೆ. ಲೇಸು ಇಲ್ಲದಿರುವುದರಿಂದ, ಬೂಟು ಸಿಲುಕಿಕೊಂಡರೂ ಕಾಲು ಕಳಚಿಕೊಳ್ಳುವ ಅವಕಾಶವಿರುತ್ತದೆ. ಮೀನಖಂಡ ಮುಚ್ಚುವ ಎತ್ತರದ ಚರ್ಮ ಮುಳ್ಳುಪೊದೆ ಮತ್ತು ಜೀನಿನ ಪಟ್ಟಿಯ ಉಜ್ಜುವಿಕೆಯಿಂದ ರಕ್ಷಿಸುತ್ತದೆ. ಅದರ ಮೇಲಿನ ಚಿತ್ತಾರದ ಹೊಲಿಗೆ ಕೂಡ ಚರ್ಮ ಕುಸಿಯದಂತೆ ಬಿಗಿ ನೀಡುತ್ತದೆ.

ಬಗೆಬಗೆಯ ಬೂಟುಗಳು

ಕೆಲಸ ಬದಲಾದಂತೆ ಬೂಟೂ ಬದಲಾಯಿತು. ಕರುವಿಗೆ ಹಗ್ಗ ಎಸೆದು, ಕುದುರೆಯಿಂದಿಳಿದು ಓಡಬೇಕಾದ ರೋಡಿಯೋ ಸ್ಪರ್ಧಿಗಳಿಗೆ ತಗ್ಗು ಹಿಮ್ಮಡಿಯ, ಗಿಡ್ಡನೆಯ ‘ರೋಪರ್’ ಅನುಕೂಲ. ಇಂಗ್ಲಿಷ್ ಶೈಲಿಯ ಸವಾರಿಯಲ್ಲಿ ಮೊಣಕಾಲಿನವರೆಗೆ ಬಿಗಿಯಾಗಿ ಹೊಂದುವ ‘ಡ್ರೆಸ್’ ಬೂಟು ಬಳಕೆಯಲ್ಲಿದೆ. ‘ಫೀಲ್ಡ್’ ಬೂಟಿಗೆ ಪಾದದ ಕೀಲಿನ ಬಳಿ ಲೇಸು ಇದ್ದು, ಜಿಗಿತದ ವೇಳೆ ಕಾಲು ಮಡಿಸಲು ನೆರವಾಗುತ್ತದೆ. ಪಟ್ಟಿಯಿಂದ ಬಿಗಿಯುವ ಗಿಡ್ಡ ಬೂಟಿಗೆ ರಾಜಸ್ಥಾನದ ಜೋಧಪುರದ ಹೆಸರಿದೆ.

ಇಂದು ಈ ಬೂಟುಗಳು ನಗರದ ಫ್ಯಾಷನ್ ಮಳಿಗೆಗಳಲ್ಲೂ ದೊರೆಯುತ್ತವೆ. ಆದರೆ ದಪ್ಪ ಗೀರುಗಳ ರಬ್ಬರ್ ಅಟ್ಟೆಯ ಬೂಟು ನೋಟಕ್ಕೆ ಎಷ್ಟೇ ಸೊಗಸಾಗಿದ್ದರೂ ರಿಕಾಪಿನಲ್ಲಿ ಸಿಕ್ಕಿಕೊಳ್ಳಬಹುದು. ಹಿಮ್ಮಡಿಯಿಲ್ಲದ ಕ್ರೀಡಾ ಶೂ ಅದರೊಳಗೆ ತೂರಿಹೋಗಬಹುದು. ಆದ್ದರಿಂದ ಸವಾರಿ ಕಲಿಯಲು ಹೊರಟವರು ಬಣ್ಣ, ಚಿತ್ತಾರಗಳಿಗಿಂತ ಮೊದಲು ಬೂಟನ್ನು ತಿರುಗಿಸಿ ಅದರ ಹಿಮ್ಮಡಿ ಮತ್ತು ಅಟ್ಟೆಯನ್ನು ಪರೀಕ್ಷಿಸುವುದು ಒಳಿತು.